ಹದಿನಾಲ್ಕರ ಅಕ್ಕ

ನವೆಂಬರ್ 9

ಏಣಿಗೆ,

ನಿನ್ನ ಕಾಗದ ಓದಿ ಕುಳಿತಲ್ಲೇ ಕುಳಿತುಬಿಟ್ಟೆ. ಒಲೆಯ ಮೇಲೆ ಹಾಲಿಟ್ಟಿದ್ದೆ, ಅದು ಉಕ್ಕಿ ಕಟ್ಟೆಯಿಂದ ನೆಲಕ್ಕೆ ಇಳಿಯಿತು. ನಿನ್ನ ಭಾವ ಓಡಿಬಂದು ಗ್ಯಾಸು ಆರಿಸಿ, "ಯಾರು ಹೋದ್ರು?" ಅಂತ ಕೇಳಿದರು. ಯಾರೂ ಹೋಗಿಲ್ಲ, ತಮ್ಮ ಆಟ ನಿಲ್ಲಿಸಿದರೆ ಹೇಗೆ ಅಂತ ಬರೆದಿದ್ದಾನೆ ಅಂದೆ. "ನಿಲ್ಲಿಸಿದ್ರೆ ಅಂತ ತಾನೆ, ನಿಲ್ಲಿಸ್ದೆ ಅಂತಲ್ವಲ್ಲ" ಅಂದರು. ಅವರಿಗೇನು. ಬಸ್ ಡಿಪೋದಲ್ಲಿ ನಟ್ಟು ಬಿಗಿಯುವವರಿಗೆ ತಲೆ ನೆರೆಯುವವರೆಗೂ ಕೆಲಸ ಇರುತ್ತದೆ. ನಿನ್ನದು ಹಾಗಾ?

ಮೂವತ್ತಮೂರು ಅಂದರೆ ಮುದುಕನಲ್ಲ. ನಿಮ್ಮ ತಂಡದಲ್ಲೇ ಆ ಗಡ್ಡದವನು ಮೂವತ್ತೇಳರವರೆಗೆ ಆಡಲಿಲ್ಲವಾ? ನಾನು ಏಳನೇ ಕ್ಲಾಸಿಗೆ ಬಿಟ್ಟವಳು, ನೀನು ಹತ್ತನೇ ಕ್ಲಾಸಿನ ಪರೀಕ್ಷೆ ಬಿಟ್ಟು ಕ್ರೀಡಾ ಹಾಸ್ಟೆಲಿಗೆ ಹೋದವನು. ಇಬ್ಬರದನ್ನೂ ಸೇರಿಸಿ ಹೊಲಿದರೂ ಒಂದು ಸರ್ಟಿಫಿಕೇಟು ಆಗುವುದಿಲ್ಲ. ಚೆಂಡು ಬಿಟ್ಟರೆ ನಿನಗೆ ಬೇರೆ ಏನು ಬರುತ್ತದೆ? ಕೋಪ ಮಾಡಿಕೊಳ್ಳಬೇಡ, ನಿಜ ತಾನೆ. ಅಮ್ಮ ತೀರಿಹೋದ ವರ್ಷದಿಂದ ನಿನ್ನ ಕೈಯಲ್ಲಿ ಚೆಂಡು ನೋಡಿದ್ದೇನೆಯೇ ಹೊರತು ಬೇರೆ ಏನನ್ನೂ ನೋಡಿಲ್ಲ. ಊಟಕ್ಕೆ ಕೂತಾಗಲೂ ತೊಡೆಯ ಮೇಲೆ ಇರುತ್ತಿತ್ತು.

ನಾನು ಆಟ ನೋಡುವ ರೀತಿ ನಿನಗೆ ಗೊತ್ತೇ ಇದೆ. ಟಿವಿಯ ಸದ್ದು ಪೂರ್ತಿ ಆರಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತೇನೆ. ಆ ಮಾತಾಡುವವರ ಕೂಗು ಕೇಳಿದರೆ ನಿನಗೇ ಏನೋ ಆಯಿತು ಅನ್ನಿಸುತ್ತದೆ. ನಿನ್ನ ಭಾವ "ಬಾರೇ, ನಿನ್ನ ತಮ್ಮ ಹಾಕಿದ" ಅಂತ ಕರೆದಾಗ ಮಾತ್ರ ಇಣುಕಿ ಬೆನ್ನ ಮೇಲಿನ ಹದಿನಾಲ್ಕು ನೋಡಿ ಒಳಗೆ ಬರುತ್ತೇನೆ. ನನಗೆ ಅಷ್ಟೇ ಸಾಕು. ನಮ್ಮ ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಎಲ್ಲರಿಗೂ ಬಾಸ್ಕೆಟ್‌ಬಾಲ್ ಬಿಟ್ಟು ಬೇರೆ ಆಟದ ಹುಚ್ಚು. ಆದರೂ ನನ್ನನ್ನು ಹದಿನಾಲ್ಕರಕ್ಕ ಅಂತಲೇ ಕರೆಯುತ್ತಾರೆ. ನೀನು ನಿಲ್ಲಿಸಿದರೆ ನನ್ನನ್ನು ಏನಂತ ಕರೆಯಬೇಕು, ಹೇಳು.

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಹೂಂ ಅನ್ನುತ್ತೀಯ, ನಾನು ಅಳುತ್ತೇನೆ, ಅಷ್ಟೇ ಆಗುವುದು. ಬರೆ.

ಅಕ್ಕ

ನವೆಂಬರ್ 24

ಅಕ್ಕಾ,

ಸುಮ್ಮನೆ ಕೇಳಿದ್ದು. ಹಾಲು ಉಕ್ಕಿಸುವಷ್ಟು ದೊಡ್ಡ ವಿಷಯ ಅಲ್ಲ.

ವಿಳಾಸ ಬದಲಾಗಿದೆ, ಲಕೋಟೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಇನ್ನು ಮೇಲೆ ಇದಕ್ಕೇ ಹಾಕು. ತಂಡದವರು ನಮ್ಮಲ್ಲಿ ಕೆಲವರನ್ನು ಬೇರೆ ಕಡೆಗೆ ಹಾಕಿದ್ದಾರೆ. ಸಣ್ಣ ಕೋಣೆ. ಕೆಳಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ ಇದೆ, ಹಾಗಾಗಿ ನೆಲ ಯಾವಾಗಲೂ ಬೆಚ್ಚಗಿರುತ್ತದೆ. ಮಂಚ ನನಗೆ ಸಾಲುವುದಿಲ್ಲ, ಕಾಲು ಹೊರಗೆ ಚಾಚಿ ಸ್ಟೂಲಿನ ಮೇಲೆ ಇಡುತ್ತೇನೆ. ಫೋನು ಕ್ಲಬ್ಬಿನದು, ರಿಪೇರಿಗೆ ಹೋಗಿದೆ. ತುರ್ತಿದ್ದರೆ ನಾನೇ ಡಿಪೋಗೆ ಭಾವನಿಗೆ ಮಾಡುತ್ತೇನೆ.

ಒಂದು ಮಾತು. ನಿನ್ನ ಅಕ್ಷರ ಯಾಕೆ ಇಷ್ಟು ದೊಡ್ಡದಾಗುತ್ತಿದೆ? ಮೊದಲು ಒಂದು ಹಾಳೆಗೆ ಹಿಡಿಸುತ್ತಿದ್ದುದಕ್ಕೆ ಈಗ ಮೂರು ಹಾಳೆ ಬೇಕಾಗಿದೆ.

ಏಣಿ

ಡಿಸೆಂಬರ್ 11

ಏಣಿಗೆ,

ಅಕ್ಷರಕ್ಕೆ ಏನೂ ಆಗಿಲ್ಲ. ಹೊಸ ಪೆನ್ನು, ದಪ್ಪ ಮೂತಿ. ಪೆನ್ನಿನ ಚಿಂತೆ ಬಿಡು.

ಭಾನುವಾರದ ಆಟ ನೋಡಿ ಇನ್ನೂ ನನ್ನ ಮೈ ಜುಮ್ಮೆನ್ನುತ್ತಿದೆ. ನಿಲ್ಲಿಸಬೇಕು ಅನ್ನುವವನು ಆಡುವ ಆಟವಾ ಅದು? ಇಪ್ಪತ್ತರ ಹುಡುಗನ ಹಾಗೆ ಹಾರಿದೆಯಲ್ಲ. ನಿನ್ನ ಭಾವ ಕರೆದು ಕರೆದು ಸುಸ್ತಾದರು, ನಾನು ಬಾಗಿಲಿಗೂ ಒಲೆಗೂ ಓಡಾಡಿ ಸುಸ್ತಾದೆ. ಆದರೆ ಒಂದು ಕೇಳುತ್ತೇನೆ, ಯಾವಾಗಿನಿಂದ ಎಡಗೈಯಲ್ಲಿ ಎಸೆಯಲು ಶುರು ಮಾಡಿದೆ? ಚಿಕ್ಕಂದಿನಲ್ಲಿ ಎಡಗೈಯಲ್ಲಿ ಲೋಟ ಕೂಡ ನೆಟ್ಟಗೆ ಹಿಡಿಯುತ್ತಿರಲಿಲ್ಲ ನೀನು. ನೋಡಿ ದಂಗಾದೆ. ಕೈಗೆ ಆ ಕರಿ ತೋಳು ಯಾಕೆ ಹಾಕಿದ್ದೀಯ? ಗಾಯವಾ? ಮುಚ್ಚಿಡಬೇಡ. ಮತ್ತೆ ನೀನು ಗಿಡ್ಡ ಕಾಣುತ್ತಿದ್ದೀಯ. ಭಾವನಿಗೆ ಹೇಳಿದರೆ, "ಟಿವಿ ಹಳೇದಾಯ್ತು, ಮೇಲಿಂದ ಒತ್ತುತ್ತೆ" ಅಂದರು. ಟಿವಿ ಹಾಗೂ ಮಾಡುತ್ತದಾ?

ಮೊನ್ನೆ ಬೇರೆಯಾಗಿ ಹಾಕಿದ ಚೀಟಿಯಲ್ಲಿ ನಿನ್ನ ಸ್ನೇಹಿತನ ವಿಷಯ ಬರೆದಿದ್ದೀಯಲ್ಲ, ಆಟಗಾರರ ಸಂಘದವರು ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಆಟ ಮುಗಿದವರಿಗೆ ಮುಂದೇನು ಅಂತ ದಾರಿ ಹೇಳುವ ಕೆಲಸ ಕೊಡುತ್ತಾರೆ ಅಂತ. ಅದು ಕೆಲಸವಾ? ಆಡಲು ಆಗದವನು ಬುದ್ಧಿ ಹೇಳುವುದು. ನಿನ್ನ ಹಾಗೆ ಆರು ಅಡಿ ಐದಂಗುಲದ ಏಣಿಯಂಥವನು ಮೇಜಿನ ಹಿಂದೆ ಕೂತರೆ ಬಂದವರು ಮುಖ ನೋಡುತ್ತಾರಾ, ಮೊಣಕಾಲು ನೋಡುತ್ತಾರಾ? ಪಾಪ, ಅವನಿಗೆ ಬೇರೆ ಗತಿ ಇಲ್ಲದಿದ್ದರೆ ಮಾಡಲಿ. ನೀನು ಅಂಥವರ ಜೊತೆ ಹೆಚ್ಚು ಸೇರಬೇಡ, ಸೋಮಾರಿತನ ಅಂಟುಜಾಡ್ಯ.

ಅಕ್ಕ

ಜನವರಿ 6

ಅಕ್ಕಾ,

ನಿನ್ನ ಕಾಗದ ಓದಿ ಬಹಳ ದಿನಗಳ ಮೇಲೆ ನಕ್ಕೆ. ಎಡಗೈ ಅಭ್ಯಾಸ ಮಾಡಲು ಕೋಚ್ ಹೇಳಿದ್ದಾರೆ. ಕರಿ ತೋಳು ಫ್ಯಾಷನ್ನು, ಗಾಯವಲ್ಲ. ಟಿವಿಯ ವಿಷಯ ಭಾವ ಹೇಳಿದ್ದೇ ಸರಿ.

ತಂಡಕ್ಕೆ ಹೊಸದಾಗಿ ಸೇರಿದವನೊಬ್ಬ ಆಗಾಗ ನನ್ನ ಕೋಣೆಗೆ ಬರುತ್ತಾನೆ. ಇಪ್ಪತ್ತೆರಡು ವರ್ಷ, ಬಾಯಿ ಜಾಸ್ತಿ. ನಿನ್ನ ಕಾಗದ ಬಂತಾ ಅಂತ ನನಗಿಂತ ಮೊದಲು ಅವನೇ ಕೇಳುತ್ತಾನೆ. "ನಮ್ಮಕ್ಕ ನನಗೆ ಬೈಯೋದು ಮಾತ್ರ, ನಿಮ್ಮಕ್ಕ ಹೊಗಳ್ತಾರೆ, ಓದಿ ಅಣ್ಣಾ" ಅನ್ನುತ್ತಾನೆ.

ಈಗ ಮುಖ್ಯ ವಿಷಯ. ಎರಡು ವರ್ಷದ ಒಪ್ಪಂದದ ಕಾಗದ ಕೈಗೆ ಬಂದಿದೆ. ಫೆಬ್ರವರಿ ಕೊನೆಯೊಳಗೆ ಸಹಿ ಹಾಕಿ ಕಳಿಸಬೇಕು. ಹಾಕಿದರೆ ಇನ್ನೆರಡು ವರ್ಷ ಆಟ. ಹಾಕದಿದ್ದರೆ ಆಟ ಅಲ್ಲಿಗೆ ಮುಗಿಯಿತು, ಈ ವಯಸ್ಸಿನಲ್ಲಿ ಮತ್ತೆ ಯಾರೂ ಕರೆಯುವುದಿಲ್ಲ. ನನ್ನ ಆ ಸ್ನೇಹಿತನೂ ಇಂಥದೇ ಇಕ್ಕಟ್ಟಿನಲ್ಲಿದ್ದಾನೆ. ಅವನಿಗೆ ಸಂಘದ ಆ ಕುರ್ಚಿ ಅಷ್ಟು ಕೆಟ್ಟದ್ದು ಅನ್ನಿಸುತ್ತಿಲ್ಲವಂತೆ.

ಯೋಚಿಸಿ ಬರೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಏಣಿ

ಜನವರಿ 20

ಏಣಿಗೆ,

ಇದರಲ್ಲಿ ಯೋಚಿಸುವುದೇನಿದೆ? ಎರಡು ವರ್ಷ ಬಾಗಿಲಿಗೆ ಬಂದು ನಿಂತಿದೆ, ನೀನು ಒಳಗೆ ಕರೆಯಲೋ ಬೇಡವೋ ಅನ್ನುತ್ತಿದ್ದೀಯ. ಸಹಿ ಹಾಕು. ನೀನು ಮೊದಲಿಗಿಂತ ಚೆನ್ನಾಗಿ ಆಡುತ್ತಿದ್ದೀಯ, ನಾನೇ ಕಣ್ಣಾರೆ ನೋಡುತ್ತಿಲ್ಲವಾ? ನಿನ್ನ ಮುಖದಲ್ಲಿ ಆ ಆಟ ಇಲ್ಲದಿದ್ದರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಜ್ವರ ಬಂದು ಹಾಸ್ಟೆಲಿನಿಂದ ಒಂದು ತಿಂಗಳು ಮನೆಗೆ ಬಂದಿದ್ದೆಯಲ್ಲ, ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಆ ಮುಖ ಮತ್ತೆ ನೋಡುವ ಶಕ್ತಿ ನನಗಿಲ್ಲ.

ಇನ್ನು ಇವನ್ನೆಲ್ಲ ನೆನಪಿಟ್ಟುಕೋ. ಬೆವರಿದ ಮೈಯಲ್ಲಿ ತಣ್ಣೀರು ಕುಡಿಯಬೇಡ. ಶೂ ದಾರ ಎರಡು ಗಂಟು ಹಾಕು, ಮೊನ್ನೆ ಒಂದು ಬಿಚ್ಚಿ ತೂಗಾಡುತ್ತಿತ್ತಂತೆ, ಭಾವ ಹೇಳಿದರು. ಆಟ ಮುಗಿದ ತಕ್ಷಣ ಫ್ಯಾನಿನ ಕೆಳಗೆ ನಿಲ್ಲಬೇಡ. ನಿಮ್ಮ ಎದುರಿನ ಆ ಬೋಳುತಲೆಯವನ ಹತ್ತಿರ ಹೋಗಬೇಡ, ಅವನ ಮೊಣಕೈ ಸರಿಯಿಲ್ಲ. ಮತ್ತೆ ನೀನು ಬಲಗಾಲು ಎಳೆದೆಳೆದು ಹಾಕುತ್ತಿದ್ದೀಯ. ಹಿಮ್ಮಡಿ ನೆಲಕ್ಕೆ ಊರುತ್ತಿಲ್ಲ. ಶೂ ದೊಡ್ಡದಾಯಿತಾ? ಮುಂದೆ ಸ್ವಲ್ಪ ಹತ್ತಿ ತುರುಕು. ಉಗುರು ಕತ್ತರಿಸುವಾಗ ತೀರಾ ಒಳಗೆ ಕತ್ತರಿಸಬೇಡ.

ನಿನ್ನ ಸ್ನೇಹಿತನಿಗೂ ಹೇಳು, ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ, ಕಾಲು ಇರುವವರೆಗೆ ಓಡಲಿ ಅಂತ.

ಅಕ್ಕ

ಫೆಬ್ರವರಿ 8

ಅಕ್ಕಾ,

ನಿನ್ನೆ ಸಹಿ ಹಾಕಿದೆ. ಲಕೋಟೆಗೆ ಹಾಕಿ ಅಂಟಿಸಿ ಕೋಟಿನ ಜೇಬಿನಲ್ಲಿ ಇಟ್ಟಿದ್ದೇನೆ. ಈ ವಾರ ಅಂಚೆಗೆ ಹಾಕುತ್ತೇನೆ.

ನಿನ್ನ ಕಾಗದಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಇನ್ನೊಮ್ಮೆ ಓದಿದೆ. ಅವುಗಳಲ್ಲಿರುವವನು ನಿಜವಾಗಿಯೂ ಚೆನ್ನಾಗಿ ಆಡುತ್ತಾನೆ. ಅವನಂತೆ ಇರಬೇಕು ಅನ್ನಿಸುತ್ತದೆ.

ಹತ್ತಿಯ ಮಾತು ಓದಿ ಇಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಏಣಿ

ಫೆಬ್ರವರಿ 13, ಸಂಜೆ

ಏಣಿ, ಮರಿ,

ಯಾವ ಆಸ್ಪತ್ರೆ ಅಂತ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಈ ಕಾಗದ ಎಲ್ಲಿಗೆ ಹಾಕಬೇಕು ಅಂತಲೂ ಗೊತ್ತಿಲ್ಲ. ಸುಮ್ಮನೆ ಕೂತರೆ ಎದೆ ಒಡೆಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಭಾವ ಇವತ್ತು ಎರಡನೇ ಪಾಳಿಯ ಮೇಲೆ ಮೂರನೆಯದನ್ನೂ ಹೊತ್ತುಕೊಂಡಿದ್ದಾರೆ, ಬೆಳಗ್ಗೆಯೇ ಬರುವುದು. ಕರೆಯುವವರು ಇಲ್ಲ ಅಂತ ನಾನೇ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಯಾರೂ ತಳ್ಳಲಿಲ್ಲ, ಯಾರೂ ಮುಟ್ಟಲಿಲ್ಲ. ಹದಿನಾಲ್ಕು ಒಂದು ಹೆಜ್ಜೆ ಹಿಂದಕ್ಕಿಟ್ಟು ಮುಂದೆ ನೆಗೆಯಲು ಹೋಯಿತು, ಅಲ್ಲೇ ಕುಸಿಯಿತು. ನೀನು ತಿರುಗಿ ನೋಡಿದೆ, ಹಿಂದಿನಿಂದ ಯಾರೋ ಒದ್ದರು ಅನ್ನುವ ಹಾಗೆ. ಹಿಂದೆ ಯಾರೂ ಇರಲಿಲ್ಲ ಮರಿ. ಆಮೇಲೆ ಎಲ್ಲರೂ ಸುತ್ತ ನಿಂತರು, ಮಂಚದಂಥದ್ದು ತಂದು ಎತ್ತಿಕೊಂಡು ಹೋದರು. ಸದ್ದಿಲ್ಲದ ಟಿವಿ.

ನಿನ್ನ ಫೋನು ಸತ್ತಿದೆ. ಹಳೆಯ ಲಕೋಟೆಯ ಮೇಲಿದ್ದ ಕ್ಲಬ್ಬಿನ ನಂಬರಿಗೆ ಮಾಡಿದೆ. ಒಬ್ಬ ಹೆಂಗಸು ಎತ್ತಿದಳು.

"ಹದಿನಾಲ್ಕಕ್ಕೆ ಏನಾಯ್ತಮ್ಮ?" ಅಂದೆ.

"ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದಾರೆ. ಮನೆಯವರಿಗೆ ಬಿಟ್ಟು ಬೇರೆಯವರಿಗೆ ಹೇಳೋ ಹಾಗಿಲ್ಲ."

"ಮನೆಯವಳೇ ನಾನು. ಅವನ ಅಕ್ಕ."

ಅವಳು ಪಕ್ಕದವರನ್ನು ಏನೋ ಕೇಳಿದಳು. ಆಮೇಲೆ, "ಅವರ ಅಕ್ಕ ಇಲ್ಲೇ ಆಟ ನೋಡ್ತಾ ಕೂತಿದ್ರಲ್ಲ, ಆಂಬುಲೆನ್ಸಿನಲ್ಲಿ ಜೊತೆಗೇ ಹೋದ್ರು. ನೀವು ಯಾರು?" ಅಂದಳು.

ಯಾರು ನಾನು? ಫೋನು ಇಟ್ಟುಬಿಟ್ಟೆ. ಯಾರವಳು, ನನ್ನ ಜಾಗದಲ್ಲಿ ಕೂತು ನಿನ್ನ ಅಕ್ಕ ಅಂತ ಹೇಳಿಕೊಳ್ಳುವವಳು? ಮದುವೆಯಾಗಿ ನನಗೆ ಹೇಳದೆ ಅವಳನ್ನು ಅಕ್ಕ ಅಂತ ಪರಿಚಯ ಮಾಡಿಸಿದ್ದೀಯಾ? ಹಾಗಿದ್ದರೂ ಪರವಾಗಿಲ್ಲ. ಯಾರಾದರೂ ಇರಲಿ, ನಿನ್ನ ಪಕ್ಕ ಒಬ್ಬರು ಇದ್ದಾರಲ್ಲ, ಅಷ್ಟು ಸಾಕು.

ಇಷ್ಟು ಮಾತ್ರ ಕೇಳು. ಸಹಿ ಹಾಕಿದ್ದರೆ ಹರಿದುಬಿಡು. ಆ ಚೆಂಡು ಹಾಳಾಗಿ ಹೋಗಲಿ. ನನಗೆ ಚೆಂಡು ಯಾವತ್ತೂ ಬೇಕಿರಲಿಲ್ಲ. ನೆಲಕ್ಕೆ ಬಿದ್ದರೆ ಕೆಳಗಿನ ಮನೆಯವರು ಬೈಯುತ್ತಾರೆ ಅಂತ ಅದನ್ನು ಎಷ್ಟು ಸಲ ಬಚ್ಚಿಟ್ಟಿದ್ದೇನೆ. ನಿನಗೆ ಅದು ಬೇಕು ಅಂತ ನಾನು ಆಡು ಆಡು ಅಂದೆ, ಅಷ್ಟೆ. ಕುಂಟಿಕೊಂಡಾದರೂ ಬಾ. ಗೋಡೆ ನೋಡುತ್ತಾ ಕೂರು, ನಾನೂ ಪಕ್ಕದಲ್ಲಿ ಕೂತು ಅದೇ ಗೋಡೆ ನೋಡುತ್ತೇನೆ. ಕುರ್ಚಿ ಸಿಕ್ಕರೆ ಕುರ್ಚಿ, ಸ್ಟೂಲು ಸಿಕ್ಕರೆ ಸ್ಟೂಲು. ಚೀಲ ತುಂಬಿಟ್ಟಿದ್ದೇನೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ.

ಮಾರನೆಯ ಬೆಳಗ್ಗೆ

ಮೇಲಿನದನ್ನು ಹರಿಯಬೇಕು ಅಂದುಕೊಂಡೆ. ಹರಿಯುವುದಿಲ್ಲ. ನೀನು ಓದಬೇಕು.

ನಿನ್ನ ಭಾವ ಬಂದಾಗ ನಾನು ಚೀಲ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದೆ.

"ಎಲ್ಲಿಗೆ ಹೊರಟೆ?"

"ತಮ್ಮನ ಕಾಲು ಹೋಯ್ತು. ಟಿವಿಯಲ್ಲಿ ನೋಡ್ದೆ."

ಅವರು ನನ್ನನ್ನೇ ನೋಡಿದರು. ಕೈಯೆಲ್ಲ ಗ್ರೀಸು. ನಲ್ಲಿಯ ಹತ್ತಿರ ಹೋಗಿ ಸೋಪು ಹಾಕಿ ಉಜ್ಜುತ್ತಾ ಉಜ್ಜುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದರು.

"ಅದು ಅವನಲ್ಲ ಕಣೆ."

"ಯಾರಲ್ಲ?"

"ಹದಿನಾಲ್ಕು. ಅದು ಬೇರೆ ಹುಡುಗ. ನಿನ್ನ ತಮ್ಮ ನವೆಂಬರಿಂದ ಆಡ್ತಾ ಇಲ್ಲ."

"ನಿಮಗೆ ಯಾರು ಹೇಳಿದ್ರು?"

"ಅವನೇ. ಡಿಪೋಗೆ ಫೋನ್ ಮಾಡಿದ್ದ. ಮಾಡ್ದೇ ಇದ್ರೂ ನನಗೂ ಕಣ್ಣಿದೆಯಲ್ಲ. ಎಡಗೈಯವನು ಯಾರು, ಬಲಗೈಯವನು ಯಾರು ಗೊತ್ತಾಗಲ್ವಾ?"

"ಮತ್ತೆ ಪ್ರತಿ ಸಲ ಬಾರೇ, ನಿನ್ನ ತಮ್ಮ ಹಾಕಿದ ಅಂತ ಕರೀತಿದ್ರಲ್ಲ."

"ನೀನು ಬಂದು ನೋಡಿ ನಗ್ತಿದ್ದೆ" ಅಂದರು. "ವಾರಕ್ಕೊಂದು ಸಲ ನಗೋಳು. ಹೇಗೆ ಹೇಳ್ಲಿ?"

ನನ್ನ ಮನೆಯೊಳಗೆ, ನನ್ನ ಬೆನ್ನ ಹಿಂದೆ, ಮೂರು ತಿಂಗಳು. ನನಗೆ ಸಿಟ್ಟು ಬರಬೇಕಿತ್ತು. ಆದರೆ ಮೊದಲು ಬಂದದ್ದು ಸಂತೋಷ. ಕಾಲು ಹೋದದ್ದು ಬೇರೆ ಯಾರದೋ ಅಂತ ತಿಳಿದ ಕೂಡಲೇ ನಾನು ಚೀಲ ತಬ್ಬಿಕೊಂಡು ನಕ್ಕುಬಿಟ್ಟೆ. ಆಮೇಲೆ ಆ ಆಂಬುಲೆನ್ಸಿನಲ್ಲಿ ಹೋದವಳ ನೆನಪಾಯಿತು. ಅವಳು ನಿಜವಾಗಿಯೂ ಹದಿನಾಲ್ಕರ ಅಕ್ಕ. ನಾನು ನಕ್ಕ ಹೊತ್ತಿನಲ್ಲಿ ಅವಳು ಏನು ಮಾಡುತ್ತಿದ್ದಳೋ. ನನಗೆ ನನ್ನ ಮೇಲೇ ಗಾಬರಿಯಾಯಿತು.

ಹೆಸರು ಹಾಕುವುದಿಲ್ಲ ಕೊನೆಗೆ. ಯಾರ ಅಕ್ಕ ಅಂತ ಹಾಕಲಿ.

ಫೆಬ್ರವರಿ 16

ಅಕ್ಕಾ,

ಭಾವನಿಗೆ ಫೋನ್ ಮಾಡಿದ್ದೆ. ನಿನಗೆ ಗೊತ್ತಾಯಿತು ಅಂದರು. ಮಾತಾಡುತ್ತಾಳಾ ಅಂತ ಕೇಳಿದೆ. "ಪಾತ್ರೆ ಮಾತಾಡ್ತಿವೆ" ಅಂದರು.

ಈಗ ಎಲ್ಲ ಬರೆಯುತ್ತೇನೆ. ಅಕ್ಟೋಬರಿನಲ್ಲಿ ಮೊಣಕಾಲಿನ ಚಿತ್ರ ತೆಗೆಸಿದರು. ಮೂಳೆಗಳ ನಡುವಿನ ಮೆತ್ತೆ ಸವೆದುಹೋಗಿದೆ. ಕ್ಲಬ್ಬಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಇನ್ನು ನಿನ್ನನ್ನು ಓಡಿಸಿದರೆ ನಾನು ಡಾಕ್ಟರಲ್ಲ ಅಂದರು. ನಿನಗೆ ಆ ಒಂದು ಸಾಲು ಬರೆದು ಕೇಳಿದ್ದು ಆಗಲೇ. ಹಾಲು ಉಕ್ಕಿತು ಅಂತ ನೀನು ಬರೆದೆ, ಮುಂದಿನದನ್ನು ಬರೆಯಲು ಕೈ ಬರಲಿಲ್ಲ. ನವೆಂಬರಿನಲ್ಲಿ ಕೋಣೆಯ ಕೀಲಿ, ಫೋನು, ಅಂಗಿ ಎಲ್ಲ ವಾಪಸು ಕೊಟ್ಟೆ. ಅಂಗಿಯನ್ನು ಮಾರನೆಯ ವಾರವೇ ಕಿರಿಯರ ತಂಡದಿಂದ ಬಂದ ಎಡಚನಿಗೆ ಕೊಟ್ಟರು. ಕೋಣೆಗೆ ಬಂದು ನಿನ್ನ ಕಾಗದ ಕೇಳುತ್ತಿದ್ದವನು ಅವನೇ.

ಆ ಎರಡು ವರ್ಷದ ಕಾಗದ ನಮ್ಮ ಕ್ಲಬ್ಬಿನದಲ್ಲ. ದೂರದ, ಕೆಳಗಿನ ದರ್ಜೆಯ ತಂಡ. ಅವರ ಡಾಕ್ಟರು ಮೊಣಕಾಲಿಗೆ ಸೂಜಿ ಹಾಕಿ ಓಡಿಸುತ್ತೇವೆ ಅಂದಿದ್ದಾರೆ. ಆಮೇಲೆ ಮೆಟ್ಟಿಲು ಹತ್ತಲು ಕೋಲು ಬೇಕಾಗಬಹುದು, ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಕುರ್ಚಿಯ ಸ್ನೇಹಿತ ಯಾರು ಅಂತ ಇನ್ನು ಹೇಳಬೇಕಿಲ್ಲ.

ಬೇಡ ಅಂತ ನಿರ್ಧರಿಸಿದ್ದೆ ಅಕ್ಕಾ. ಆದರೆ ನಿನ್ನ ಕಾಗದ ಬರುತ್ತಿತ್ತು. ಹಾರಿದೆ, ಹಾಕಿದೆ, ಇಪ್ಪತ್ತರ ಹುಡುಗನ ಹಾಗೆ ಅಂತ. ಅವನನ್ನು ಹೊಗಳಿದ್ದು ಅಂತ ಗೊತ್ತಿದ್ದೂ ಓದಿ ಓದಿ ನಾನೇ ಆಡುತ್ತಿದ್ದೇನೆ ಅನ್ನಿಸತೊಡಗಿತು.

ಇನ್ನೊಂದಿದೆ. ಬಲಗಾಲು ಎಳೆಯುತ್ತಿದ್ದೀಯ, ಹತ್ತಿ ತುರುಕು ಅಂತ ಬರೆದಿದ್ದೆಯಲ್ಲ. ಅದನ್ನು ಅವನಿಗೆ ಗಟ್ಟಿಯಾಗಿ ಓದಿದೆ. ಅವನು ಎದ್ದು, ನನ್ನ ಔಷಧಿ ಡಬ್ಬಿಯಿಂದ ಹತ್ತಿ ತೆಗೆದು ಶೂಗೆ ತುರುಕಿಕೊಂಡು ಕೋಣೆಯಲ್ಲೆಲ್ಲ ನಡೆದು ತೋರಿಸಿದ. ನಾವು ನಕ್ಕೆವು. ಅವನ ಹಿಮ್ಮಡಿ ಡಿಸೆಂಬರಿನಿಂದಲೇ ನೋಯುತ್ತಿತ್ತಂತೆ. ಅವನ ಒಪ್ಪಂದವೂ ಈ ತಿಂಗಳು ಹೊಸದಾಗಬೇಕಿತ್ತು. ನಮ್ಮ ಕಸುಬಿನಲ್ಲಿ ಸಹಿ ಬೀಳುವವರೆಗೆ ಯಾರೂ ನೋವು ಹೇಳುವುದಿಲ್ಲ, ಜೊತೆಯವನೂ ಕೇಳುವುದಿಲ್ಲ. ಕೇಳುವುದು ಮರ್ಯಾದೆಯಲ್ಲ. ಹದಿನೆಂಟು ವರ್ಷ ಅದನ್ನೇ ಪಾಲಿಸಿದವನು ನಾನು, ಅವತ್ತೂ ಪಾಲಿಸಿದೆ. ಈಗ ಅವನ ಹಿಮ್ಮಡಿಯ ಸ್ನಾಯು ಪೂರ್ತಿ ಹರಿದಿದೆ. ಮತ್ತೆ ಆಡುವುದು ಅನುಮಾನ ಅನ್ನುತ್ತಿದ್ದಾರೆ.

ಲಕೋಟೆ ಇನ್ನೂ ಕೋಟಿನ ಜೇಬಿನಲ್ಲೇ ಇದೆ. ಇಪ್ಪತ್ತೆಂಟು ಕೊನೆಯ ದಿನ. ಈಗಲಾದರೂ ನನಗಾಗಿ ಹೇಳು, ಏನು ಮಾಡಲಿ?

ಏಣಿ

ಫೆಬ್ರವರಿ 21

ಹದಿಮೂರನೇ ತಾರೀಖಿನ ಕಾಗದ ಇಷ್ಟರೊಳಗೆ ನಿನಗೆ ಸಿಕ್ಕಿರಬೇಕು. ನಾನು ಹೇಳಬೇಕಾದದ್ದು ಅದರ ಮೊದಲ ಭಾಗದಲ್ಲಿದೆ. ಬಿದ್ದವನು ನೀನೇ ಅಂದುಕೊಂಡು ಬರೆದದ್ದು, ನೀನಲ್ಲ ಅಂತ ಗೊತ್ತಾಗುವ ಮೊದಲು. ಅದಕ್ಕಿಂತ ನಿಜ ನನ್ನ ಹತ್ತಿರ ಇಲ್ಲ. ಇನ್ನು ನನ್ನನ್ನು ಏನೂ ಕೇಳಬೇಡ.

ನೀನೊಬ್ಬನೇ ಕಳ್ಳ ಅಂದುಕೊಳ್ಳಬೇಡ. ಪೆನ್ನಿನ ಮೂತಿ ದಪ್ಪ ಇಲ್ಲ. ನನಗೆ ಕಣ್ಣು ಮಂಜಾಗಿದೆ. ಅಕ್ಟೋಬರಿನಲ್ಲಿ ಒಂದು ಶಾಲೆಯ ಯೂನಿಫಾರ್ಮಿಗೆಲ್ಲ ಜೇಬು ತಲೆಕೆಳಗಾಗಿ ಹೊಲಿದೆ. ಮೇಸ್ತ್ರಿ ಬೈಯಲಿಲ್ಲ, ಅದೇ ನನಗೆ ಸಿಡಿಲು ಬಡಿದ ಹಾಗಾಯಿತು. "ನಾಳೆಯಿಂದ ಮಡಿಸೋ ಮೇಜಿಗೆ ಬನ್ನಿ ಹದಿನಾಲ್ಕರಕ್ಕ" ಅಂದರು. ನನ್ನ ಮಷೀನಿನಲ್ಲಿ ಈಗ ಬೇರೆ ಹುಡುಗಿ ಕೂರುತ್ತಾಳೆ. ನಾನು ದಿನವಿಡೀ ಅಂಗಿ ಮಡಿಸುತ್ತೇನೆ. ನಿನ್ನ ಭಾವನಿಗೂ ಹೇಳಿಲ್ಲ. ಡಾಕ್ಟರ ಹತ್ತಿರ ಹೋದರೆ ಕಣ್ಣೇ ಹೋಯಿತು ಅಂದುಬಿಟ್ಟರೆ ಅಂತ ಹೋಗಲಿಲ್ಲ.

ಸಹಿ ಬೀಳುವವರೆಗೆ ನೋವು ಹೇಳುವುದಿಲ್ಲ ಅಂದೆಯಲ್ಲ. ನಿಮ್ಮ ಕಸುಬಿನಲ್ಲಿ ಮಾತ್ರ ಅಲ್ಲ ಅದು.

ಹತ್ತಿಯ ಮಾತಿಗೆ ನನ್ನನ್ನು ದೊಡ್ಡವಳು ಮಾಡಬೇಡ. ನಾನು ಶೂ ದೊಡ್ಡದು ಅಂದುಕೊಂಡೆ. ನೂರು ಕಲ್ಲು ಎಸೆದರೆ ಕುರುಡಿಯದೂ ಒಂದು ತಗುಲುತ್ತದೆ.

ಅಕ್ಕ

ಮಾರ್ಚ್ 16

ಅಕ್ಕಾ,

ನಿನ್ನ ಹದಿಮೂರರ ಕಾಗದವನ್ನು ಇಸ್ತ್ರಿ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ನನಗೆ ಚೆಂಡು ಯಾವತ್ತೂ ಬೇಕಿರಲಿಲ್ಲ ಅನ್ನುವ ಸಾಲಿಗೆ ಬಂದಾಗ ಅಲ್ಲೇ ಕುಳಿತುಬಿಟ್ಟೆ. ಇಸ್ತ್ರಿಯವನು ಬಂದು "ಯಾರಾದ್ರೂ ಹೋದ್ರಾ ಸಾರ್?" ಅಂತ ಕೇಳಿದ. ನೀನು ಚೆಂಡನ್ನು ಬಚ್ಚಿಡುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಕಳೆದುಹೋಯಿತು ಅಂತ ಎಷ್ಟು ಅತ್ತಿದ್ದೇನೆ. ನಿನಗೆ ಬೇಕು ಅಂತ ನಾನು, ನನಗೆ ಬೇಕು ಅಂತ ನೀನು. ಯಾರಿಗೂ ಬೇಡದ ಎರಡು ವರ್ಷಕ್ಕೆ ನಾನು ಸಹಿ ಹಾಕಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ.

ಇಪ್ಪತ್ತೆಂಟರಂದು ಲಕೋಟೆ ಹರಿದೆ. ಒಂದನೇ ತಾರೀಖು ಸಂಘಕ್ಕೆ ಹೋಗಿ ಕುರ್ಚಿಯ ಮೇಲೆ ಕೂತೆ. ಹತ್ತನೇ ಕ್ಲಾಸಿನ ಪರೀಕ್ಷೆಯಾದರೂ ಆಗಿರಬೇಕು ಅಂದಿದ್ದಾರೆ, ಅದಕ್ಕೂ ಕಟ್ಟಿದ್ದೇನೆ. ಇನ್ನು ನೀನು ಏಳನೆಯದನ್ನು ಹೊಲಿಗೆ ಹಾಕಿ ಸೇರಿಸಬೇಕಿಲ್ಲ.

ಮೊದಲು ಬಂದವನು ಎಡಚ. ಊರುಗೋಲು, ಕಾಲಿಗೆ ಗಟ್ಟಿ ಕಟ್ಟು. ಜೊತೆಗೆ ಅವನ ಅಕ್ಕ. ಬೇಕರಿಯಲ್ಲಿ ಕೆಲಸವಂತೆ, ಮೊಣಕೈಯಲ್ಲಿ ಇನ್ನೂ ಹಿಟ್ಟಿತ್ತು. ನಾನು ಕಲಿತಿದ್ದ ಪ್ರಶ್ನೆ ಕೇಳುವ ಮೊದಲೇ ಅವರು, "ಚೆಂಡು ಬಿಟ್ರೆ ಇವನಿಗೆ ಬೇರೆ ಏನು ಬರುತ್ತೆ ಸಾರ್?" ಅಂದರು. ಅಕ್ಕಾ, ಅದೇ ಮಾತು. ಒಂದು ಅಕ್ಷರ ಆಚೀಚೆ ಇಲ್ಲ. ಗೊತ್ತಿಲ್ಲಮ್ಮ, ನನಗೇ ಏನು ಬರುತ್ತೆ ಅಂತ ಇನ್ನೂ ಹುಡುಕ್ತಿದ್ದೀನಿ, ಇಬ್ಬರೂ ಸೇರಿ ನೋಡೋಣ ಅಂದೆ. ಸಂಘದವರು ಕಲಿಸಿದ ಉತ್ತರ ಅದಲ್ಲ.

ನೀನು ಕ್ಲಬ್ಬಿಗೆ ಫೋನ್ ಮಾಡಿದ್ದನ್ನು ಅವನ ಅಕ್ಕನಿಗೆ ಹೇಳಿದೆ, ನೀನು ನಕ್ಕದ್ದನ್ನೂ. ಅವರು ಮೊಣಕೈಯ ಹಿಟ್ಟು ಒರೆಸಿಕೊಳ್ಳುತ್ತಾ, "ನಾನಾಗಿದ್ರೂ ನಗ್ತಿದ್ದೆ ಅಂತ ಬರೀರಿ" ಅಂದರು. ಎಡಚ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಈ ವಾರ ಅಕ್ಕನ ಕಾಗದ ಬಂತಾ?" ಅಂತ ಕೇಳಿದ.

ಕಣ್ಣಿನ ಡಾಕ್ಟರ ಹತ್ತಿರ ಹೋಗು. ಭಾವನಿಗೆ ನಾನೇ ಹೇಳಿದ್ದೇನೆ. ಈಗ ಪಾತ್ರೆಯ ಸರದಿ ಅವರದು.

ಏಣಿ

ಏಪ್ರಿಲ್ 7

ಏಣಿಗೆ,

ಕನ್ನಡಕ ಬಂತು. ಹಾಕಿಕೊಂಡ ಕೂಡಲೇ ಬೆಚ್ಚಿಬಿದ್ದೆ, ನಿನ್ನ ಭಾವನಿಗೆ ಇಷ್ಟು ವಯಸ್ಸಾಗಿದೆ ಅಂತ ಯಾರೂ ನನಗೆ ಹೇಳಿರಲಿಲ್ಲ. ಅವರು "ನಿನ್ನ ಮುಖಾನೂ ಒಂದ್ಸಲ ಕನ್ನಡೀಲಿ ನೋಡ್ಕೋ, ಆಮೇಲೆ ಮಾತಾಡು" ಅಂದರು. ಕಣ್ಣು ಹೋಗಿಲ್ಲ. ಆದರೆ ಮಷೀನು ವಾಪಸು ಬರಲಿಲ್ಲ. ಆ ಹುಡುಗಿಯ ಕೈ ಚೆನ್ನಾಗಿದೆ, ಕಿತ್ತುಕೊಳ್ಳುವುದು ಹೇಗೆ. ಮಡಿಸುವ ಮೇಜಿನಲ್ಲೇ ಇದ್ದೇನೆ. ನನ್ನ ತಮ್ಮ ಈಗ ಹದಿನಾಲ್ಕು ಅಲ್ಲ ಅಂತ ಎಲ್ಲರಿಗೂ ಹೇಳಿದೆ. ಮೇಸ್ತ್ರಿ, "ಹೆಸರು ಬಿದ್ದಾಯ್ತು, ಇನ್ನು ಯಾರು ಕೀಳ್ತಾರೆ ಬಿಡಿ" ಅಂದರು.

ಮೊನ್ನೆ ಕೊನೆಯ ಆಟ ಇತ್ತಲ್ಲ. ಹದಿನಾಲ್ಕು ಇಲ್ಲ, ನಮ್ಮವರು ಯಾರೂ ಇಲ್ಲ, ಇನ್ನೇನು ಭಯ ಅಂತ ಬಾಗಿಲು ಬಿಟ್ಟು ಮುಂದಿನ ಕುರ್ಚಿಯಲ್ಲಿ ಕೂತೆ. ಸದ್ದು ಹಾಕಿ ಅಂದೆ. ನಿನ್ನ ಭಾವ ನನ್ನನ್ನೇ ನೋಡಿದರು. ಹಾಕಿದರು. ನಾನು ಏನೇನೋ ಅಂದುಕೊಂಡಿದ್ದೆ. ಕೇಳಿಸಿದ್ದು ಶೂಗಳು ಕಿರುಗುಟ್ಟುವುದು, ಚೆಂಡು ನೆಲಕ್ಕೆ ಬೀಳುವುದು, ನೀವು ಒಬ್ಬರನ್ನೊಬ್ಬರು ಕರೆಯುವುದು. ಇಷ್ಟು ಸದ್ದಿನೊಳಗೆ ನೀನು ಇಷ್ಟು ವರ್ಷ ಇದ್ದೆ, ನನಗೆ ಗೊತ್ತೇ ಇರಲಿಲ್ಲ.

ಆದರೆ ಯಾರ ಬೆನ್ನು ನೋಡಬೇಕು ಅಂತ ತಿಳಿಯಲಿಲ್ಲ. ಹಾಗಾಗಿ ಎಲ್ಲರನ್ನೂ ನೋಡಿದೆ. ಒಬ್ಬ ಬಿದ್ದ, ಎದೆ ಝಲ್ಲೆಂದಿತು. ಆ ಕಡೆಯವನು ಬಿದ್ದ, ಆಗಲೂ ಝಲ್ಲೆಂದಿತು. ಬೋಳುತಲೆಯವನು ಬಿದ್ದಾಗ ಕುರ್ಚಿಯಿಂದ ಎದ್ದೇಬಿಟ್ಟೆ. ನಿನ್ನ ಭಾವ, "ಮೊದಲು ಒಬ್ಬನಿಗೆ ಹೆದರ್ತಿದ್ದೆ, ಈಗ ಹತ್ತು ಜನಕ್ಕಾ?" ಅಂದರು.

ಬಿಳಿ ಅಂಗಿಯಲ್ಲಿ ಆರನೇ ನಂಬರಿನವನೊಬ್ಬ ಇದ್ದಾನೆ. ಬಿದ್ದು ಎದ್ದವನು ಯಾರಿಗೂ ಕಾಣದ ಹಾಗೆ ಸೊಂಟಕ್ಕೆ ಕೈ ಕೊಟ್ಟು, ಆಮೇಲೆ ತಕ್ಷಣ ಕೈ ತೆಗೆದ. ಕನ್ನಡಕ ಹೊಸದು, ನನ್ನ ಕಣ್ಣಿಗೆ ಹಾಗೆ ಕಂಡಿರಲೂಬಹುದು. ಆದರೂ ಅವನು ನಿನ್ನ ಕೋಣೆಗೆ ಬಂದರೆ, ಬರದಿದ್ದರೆ ನೀನೇ ಹೋಗಿ, ನೋಯುತ್ತಿದೆಯಾ ಅಂತ ಕೇಳು.

ನಗಬೇಡ. ಕೇಳು.

ಅಕ್ಕ